ಹೂಂ ಅಂದವರ ಕನಸು

"ನಾನು ಹೇಳ್ತಾ ಇರುವಾಗ ನಡುವೆ ಹೂಂ ಅನ್ಬಾರ್ದು ಮೇಡಂ. ಕೈ ಮುಗೀತೀನಿ, ಅದೊಂದು ನಡೆಸಿಕೊಡಿ."

ಹಾಗೆಂದವಳು ದರ್ಜಿ ಅಂಗಡಿಯಲ್ಲಿ ಕಾಜಾ ಹಾಕುವ ಹೆಂಗಸು. ಅಂಗಿಯ ಗುಂಡಿ ತೂರುವ ತೂತಿನ ಅಂಚಿಗೆ ದಾರ ಸುತ್ತಿ ಸುತ್ತಿ ಅವಳ ಬೆರಳ ತುದಿಗಳು ಜರಡಿಯಂತಾಗಿದ್ದವು. ಈಗಲೋ ಆಗಲೋ ಎದ್ದು ಓಡುವವಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಕಣ್ಣಿನ ಸುತ್ತ ಮಸಿ ಬಳಿದಂಥ ಕಪ್ಪು. ಮೈಯಿಂದ ಒಂದು ವಾಸನೆ ಬರುತ್ತಿತ್ತು. ಇಸ್ತ್ರಿ ಪೆಟ್ಟಿಗೆಯಡಿ ಮರೆತು ಬಿಟ್ಟ ಬಟ್ಟೆ ಸೀದಾಗ ಬರುತ್ತದಲ್ಲ, ಅದು.

ಎದುರಿಗೆ ಕೂತಿದ್ದ ಮೇಡಂಗೆ ನಗು ಬಂತು. ತಡೆದುಕೊಂಡರೂ ತುಟಿಯಂಚಿನಿಂದ ತಪ್ಪಿಸಿಕೊಂಡು ಬಂತು.

"ಯಾಕಮ್ಮಾ, ಅಂದ್ರೆ ಏನಾಗುತ್ತೆ?"

"ಅಂದೋರಿಗೆ ಅಂಟಿಕೊಳ್ಳುತ್ತೆ."

"ನೆಗಡಿ ಥರಾನಾ?"

ಹೆಂಗಸು ನಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮಾಟದ ಕನಸು ಅದು. ಯಾರೋ ಯಾರಿಗೋ ಮಾಡಿಸಿದ್ದು. ಹೆಣದ ಬಟ್ಟೆಯಿಂದ ಎಳೆದ ದಾರ ಮಂತ್ರಿಸಿ ಕೊಟ್ಟಿದ್ರಂತೆ. ಬಾಯಿಂದ ಬಾಯಿಗೆ ದಾಟ್ಕೊಂಡು ನಮ್ಮ ಓರಗಿತ್ತಿಗೆ ಬಂತು. ಅವಳು ನನಗೆ ಹೇಳಿದ್ಳು. ನಾನು ಬೆಪ್ಪಿ, ಹೂಂ ಹೂಂ ಅಂತ ಕೇಳಿಸ್ಕೊಂಡೆ."

ಮೇಡಂ ಈ ಊರಿನ ಆಸ್ಪತ್ರೆಗೆ ಹೊಸಬಳು. ನಿದ್ದೆ ಬಾರದವರು, ಬಂದ ನಿದ್ದೆಯಲ್ಲಿ ಕಿರುಚುವವರು, ಕನಸಿಗೆ ಹೆದರಿ ದೀಪ ಹಾಕಿಕೊಂಡು ಕೂರುವವರು, ಇಂಥವರನ್ನು ಕೂರಿಸಿಕೊಂಡು ಮಾತಾಡಿಸುವುದು ಅವಳ ಕೆಲಸ. ಗುಳಿಗೆ ಬರೆಯುವವರು ಡಾಕ್ಟರು, ಕೇಳಿಸಿಕೊಳ್ಳುವವಳು ಇವಳು. ಇಬ್ಬರಿಗೂ ಬಿಳಿ ಕೋಟೇ, ಇವಳದರ ಜೇಬಿನ ಬಳಿ ಮಾತ್ರ ಪೆನ್ನಿನ ಮಸಿಯ ಕಲೆ. ಅವಳ ಲೆಕ್ಕದಲ್ಲಿ ಕನಸೆಂದರೆ ಮನಸ್ಸು ಹಗಲಿನ ಕಸ ಗುಡಿಸುವಾಗ ಏಳುವ ಧೂಳು. ಬಾಯಿಬಿಟ್ಟು ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಹೇಳಿಸುವುದಕ್ಕೆ ಅವಳ ಬಳಿ ಇದ್ದ ಆಯುಧ ಒಂದೇ ಒಂದು 'ಹೂಂ'. ಮೂಗಿನೊಳಗಿಂದ ಬರುವ, ಬೆಚ್ಚಗಿನ, ಯಾವ ಆತುರವೂ ಇಲ್ಲದ 'ಹೂಂ'. ಅದನ್ನು ಕೇಳಿದರೆ ಕಲ್ಲಿಗೂ ಮಾತು ಬರಬೇಕು. ನರ್ಸುಗಳು ಬೆನ್ನ ಹಿಂದೆ ಅವಳನ್ನು 'ಹೂಂ ಮೇಡಂ' ಎಂದೇ ಕರೆಯುತ್ತಿದ್ದರು. ಗೊತ್ತಾದಾಗ ಅವಳಿಗೆ ಬೇಜಾರಾಗಲಿಲ್ಲ, ಒಳಗೊಳಗೇ ಹೆಮ್ಮೆಯಾಯಿತು.

"ಆಯ್ತು ಬಿಡಿ, ಬಾಯಿಗೆ ಬೀಗ ಹಾಕ್ಕೊಂಡೆ. ಹೇಳಿ," ಎಂದಳು.

ಕಾಜಾದವಳು ಹೇಳತೊಡಗಿದಳು. ಉದ್ದನೆಯ ಕೋಣೆ. ಮುಚ್ಚಿದ ಕಿಟಕಿಗಳು. ನೆಲದ ತುಂಬ ಕತ್ತರಿಸಿ ಎಸೆದ ಬಟ್ಟೆಯ ಚೂರು. ಕಾಲಿಟ್ಟರೆ ಬೆಚ್ಚಗೆ, ಮೈ ಮುಟ್ಟಿದ ಹಾಗೆ. ಕೊನೆಯಲ್ಲಿ ಒಬ್ಬಳು ಬೆನ್ನು ತಿರುಗಿಸಿಕೊಂಡು ಕೂತು ಬಟ್ಟೆ ಹೊಲಿಯುತ್ತಾಳೆ. ಸೂಜಿ ಒಳಗೆ ಹೋಗುವ ಸದ್ದು, ದಾರ ಎಳೆಯುವ ಸದ್ದು, ಆಮೇಲೆ ಹಲ್ಲಿನಿಂದ ದಾರ ಕಡಿಯುವ ಸದ್ದು. ಟಕ್.

"ಮೊದಲ ಸಲ ಬರೀ ಕಾಲರ್ರು. ಆಮೇಲೆ ಒಂದು ತೋಳು. ಅದು ನನ್ನ ಗಂಡನ ಅಂಗಿ ಅಳತೆ ಮೇಡಂ. ನನಗೆ ಗೊತ್ತಾಗಲ್ವಾ? ತೋಳು ಹೊಲಿದು ಮುಗಿಸಿದ ದಿನ ಅವರ ಕೈ ಜೋಮು ಹಿಡೀತು. ಈಗ ಮೂರು ಹೊತ್ತೂ ನಿದ್ದೆ. ಎಬ್ಬಿಸಿದ್ರೆ ಏಳ್ತಾರೆ, ತುತ್ತು ಬಾಯಲ್ಲಿರುವಾಗಲೇ ಮತ್ತೆ ಕಣ್ಣು ಮುಚ್ಚಿ..." ಅವಳ ದನಿ ಒಡೆಯಿತು. "ಅಂಗಿ ಪೂರ್ತಿ ಆದ್ರೆ ಅವರು ಏಳಲ್ಲ."

"ಹೂಂ," ಎಂದಳು ಮೇಡಂ.

ಬೇಕೆಂದು ಅಂದದ್ದಲ್ಲ, ಅಭ್ಯಾಸ, ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ನಿಜ ಹೇಳಬೇಕೆಂದರೆ ಆ ಹೂಂ ಒಳಗೆ ಒಂದು ಚೂರು ಕುಚೇಷ್ಟೆಯೂ ಇತ್ತು. ಅಂದರೆ ಅದೇನಾಗುತ್ತದೋ ನೋಡೇಬಿಡೋಣ ಎನ್ನುವ ಕುಚೇಷ್ಟೆ.

ಹೆಂಗಸಿನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಕಣ್ಣಲ್ಲಿ ಮೊದಲು ಹೆದರಿಕೆ ಬಂತು. ಅದರ ಹಿಂದೆಯೇ ಹಸಿದವರ ಕಣ್ಣಿಗೆ ಅನ್ನ ಕಂಡಾಗ ಬರುವಂಥ ಬೆಳಕು. ಉಳಿದದ್ದನ್ನು ಅವಳು ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದಳು. ಎದ್ದಳು. ಬಾಗಿಲಲ್ಲಿ ನಿಂತು, "ನಾನು ಮೊದಲೇ ಹೇಳಿದ್ದೆ," ಎಂದು ಅಳುತ್ತಾ ಅಂದಳು. ಹೋದಳು. ಸೀದ ಬಟ್ಟೆಯ ವಾಸನೆ ಮಾತ್ರ ಹೋಗಲಿಲ್ಲ.

ವಾರ ಕಳೆಯುವುದರೊಳಗೆ ಕಾಜಾದವಳ ಗಂಡ ಎದ್ದು ಕೆಲಸಕ್ಕೆ ಹೋಗತೊಡಗಿದ ಸುದ್ದಿ ಬಂತು. ಮೇಡಂ ಅದನ್ನು ನರ್ಸುಗಳ ಮುಂದೆ ಚಹಾ ಕುಡಿಯುತ್ತಾ ಹೇಳಿಕೊಂಡಳು. "ಹೆಂಡತಿಯ ಹೆದರಿಕೆ ಗಂಡನ ಮೈಗೆ ಇಳಿದಿತ್ತು, ಅಷ್ಟೇ. ಮನಸ್ಸಿನ ಆಟ. ಒಬ್ಬರು ಕೂತು ಕೇಳಿಸಿಕೊಂಡರೆ ಸಾಕು ನೋಡಿ."

ಆ ದಿನ ಮಧ್ಯಾಹ್ನ ಮನೆಗೆ ಹೋಗುವ ಬಸ್ಸಿನಲ್ಲಿ, ಕಿಟಕಿಯ ಬಿಸಿಲು ಮುಖಕ್ಕೆ ಬೀಳುತ್ತಿರುವಾಗ, ಅವಳಿಗೆ ಒಂದು ಜೊಂಪು ಬಂತು. ಉದ್ದನೆಯ ಕೋಣೆ. ಅಂಗಾಲಿನಡಿ ಬೆಚ್ಚಗಿನ ಬಟ್ಟೆ ಚೂರು. ಕೊನೆಯಲ್ಲಿ ಒಂದು ಬೆನ್ನು. ಒದ್ದೆ ಕೂದಲು ಜಡೆಯಿಲ್ಲದೆ ನೆಲದವರೆಗೆ ಇಳಿಬಿದ್ದಿತ್ತು. ಹೊಲಿಯುತ್ತಿದ್ದವಳು ಒಂದೊಂದು ಹೊಲಿಗೆಗೂ ಮೂಗಿನೊಳಗೇ ಒಂದು ಸದ್ದು ಮಾಡುತ್ತಿದ್ದಳು. ಯಾರೋ ಹೇಳುವ ಕತೆಯನ್ನು ಕೇಳುತ್ತಿರುವ ಹಾಗೆ. ಹೂಂ. ಹೂಂ. ಹೂಂ. ಅವಳ ತೊಡೆಯ ಮೇಲೆ ಇದ್ದದ್ದು ಅಂಗೈ ಅಗಲದ ಪುಟ್ಟ ಕಾಲರು.

ಬಸ್ಸು ಬ್ರೇಕು ಹಾಕಿತು. ಮೇಡಂ ಕಣ್ಣುಬಿಟ್ಟು ತನ್ನಷ್ಟಕ್ಕೆ ನಕ್ಕಳು. ಹಗಲು ಕೇಳಿದ ಕತೆ ನಿದ್ದೆಯಲ್ಲಿ ಬರುವುದು ಹೊಸದೇನಲ್ಲ. ಪುಸ್ತಕದ ಮೊದಲ ಪುಟದಲ್ಲೇ ಇರುವ ಮಾತು.

ಮನೆಯಲ್ಲಿ ಇದ್ದವರು ಇಬ್ಬರು, ಅತ್ತೆ ಮತ್ತು ಮಗಳು ಪುಟ್ಟಿ. ಪುಟ್ಟಿ ಇನ್ನೂ ಎದ್ದು ನಡೆಯಲು ಕಲಿಯುತ್ತಿದ್ದಾಗ ಮೇಡಮ್ಮಿನ ಗಂಡ ತೀರಿಕೊಂಡಿದ್ದ. ಇನ್ನು ಅತ್ತೆ ಒಂದು ದಿಕ್ಕು, ಸೊಸೆ ಒಂದು ದಿಕ್ಕು ಎಂದು ನೆಂಟರೆಲ್ಲ ತೀರ್ಮಾನ ಮಾಡಿಯಾಗಿತ್ತು. ಹಾಗಾಗಲಿಲ್ಲ. ಮಗನ ಮೂಗು, ಮಗನ ಹಟ ಹೊತ್ತ ಮಗು ನಡುವೆ ಇರುವಾಗ ಇಬ್ಬರಿಗೂ ಬೇರೆ ದಿಕ್ಕು ಎಲ್ಲಿ? ಸೊಸೆಗೆ ಈ ಊರಿನಲ್ಲಿ ಕೆಲಸ ಸಿಕ್ಕಾಗ ಅತ್ತೆ ಎಲ್ಲರಿಗಿಂತ ಮೊದಲು ಪಾತ್ರೆ ಕಟ್ಟಿದ್ದರು.

ಪುಟ್ಟಿ ಮನೆಯ ಬಾಯಿ. ಶಾಲೆಯಿಂದ ಬಂದರೆ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ, ಮಾತು ಎಲ್ಲಾ ಕಡೆ. ಅಂದು ಮಾತ್ರ ಬಂದವಳೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಳು.

"ಕುತ್ತಿಗೆ ಬಿಗಿ ಅಂತಾಳೆ ಕಣೇ. ಆಡುವಾಗ ಉಳುಕಿಸಿಕೊಂಡಿರಬೇಕು," ಎಂದರು ಅತ್ತೆ.

ಮೇಡಂ ಮಗಳ ಕುತ್ತಿಗೆ ಮುಟ್ಟಿದಳು. ಕಾಲರು ಬರುವ ಜಾಗ. ಆ ಯೋಚನೆಯನ್ನು ಕೂಡಲೇ ಆಚೆ ತಳ್ಳಿದಳು.

ಎರಡನೆಯ ಸಲ ಕನಸು ಬಿದ್ದದ್ದು ಆಸ್ಪತ್ರೆಯಲ್ಲೇ, ಊಟದ ಬಿಡುವಿನಲ್ಲಿ, ಮೇಜಿಗೆ ತಲೆ ಆನಿಸಿದಾಗ. ಪುಟ್ಟ ಫ್ರಾಕು. ಎಡ ತೋಳು ಮುಗಿದಿತ್ತು. ಅಷ್ಟರಲ್ಲಿ ಶಾಲೆಯಿಂದ ಫೋನು. "ನಿಮ್ಮ ಮಗಳು ಬೆಂಚಿನ ಮೇಲೆ ನಿದ್ದೆ ಹೋಗಿದಾಳೆ. ಎಡಗೈ ಎತ್ತೋಕಾಗಲ್ಲ ಅಂತಾಳೆ."

ಈಗ ಅವಳು ನಗಲಿಲ್ಲ. ಆದರೂ ಓದಿದ ತಲೆ ಸುಲಭಕ್ಕೆ ಸೋಲುವುದಿಲ್ಲ. ತನ್ನ ಗಾಬರಿ ಮಗುವಿಗೆ ಇಳಿದಿದೆ ಎಂದುಕೊಂಡಳು. ಕೆಟ್ಟ ಕನಸಿಗೆ ಅವಳ ವಿದ್ಯೆಯಲ್ಲಿ ಒಂದು ಮದ್ದೂ ಇತ್ತು. ಎಚ್ಚರವಿರುವಾಗ ಕನಸಿನ ಕೊನೆಯನ್ನು ಬದಲಾಯಿಸಿ, ಹೊಸ ಕೊನೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡುವುದು. ಅಟ್ಟಿಸಿಕೊಂಡು ಬರುವ ನಾಯಿಯ ಎದುರು ತಿರುಗಿ ನಿಂತು ಗದರಿಸುವುದನ್ನು ಕಲಿತರೆ, ನಿದ್ದೆಯಲ್ಲೂ ಗದರಿಸಬಹುದು. ಎಷ್ಟೋ ಜನರಿಗೆ ಇದನ್ನು ಕಲಿಸಿ ಗುಣಪಡಿಸಿದ್ದಳು. ಈಗ ತಾನೇ ಕೂತು ಅಭ್ಯಾಸ ಮಾಡಿದಳು. ಹೋಗುತ್ತೇನೆ. ಬಟ್ಟೆ ಕಿತ್ತುಕೊಳ್ಳುತ್ತೇನೆ. ಹೊಲಿಗೆ ಬಿಚ್ಚುತ್ತೇನೆ. ಕಣ್ಣು ಮುಚ್ಚಿ, ತೆರೆದು, ಮತ್ತೆ ಮುಚ್ಚಿ, ಬೆರಳುಗಳಿಗೆ ಬಾಯಿಪಾಠವಾಗುವವರೆಗೆ.

ಭಾನುವಾರ ಹಾಡಹಗಲೇ ಮಲಗಿದಳು. ಪಕ್ಕದಲ್ಲಿ ಪುಟ್ಟಿ, ಆಚೆ ಅತ್ತೆ ಸೊಪ್ಪು ಸೋಸುತ್ತಿದ್ದರು.

ಕೋಣೆ ಬಂತು. ಬೆನ್ನು ಬಂತು. ಕಾಲು ಎಳೆದುಕೊಂಡು ಹತ್ತಿರ ಹೋದಳು. ಇದು ಕನಸು, ಇದು ನನ್ನ ಮನಸ್ಸು, ಎಂದು ಹೇಳಿಕೊಂಡಳು. ಭುಜದ ಮೇಲಿಂದ ಕೈ ಹಾಕಿ ಫ್ರಾಕನ್ನು ಕಿತ್ತುಕೊಂಡಳು. ಹೊಲಿಯುತ್ತಿದ್ದವಳು ತಡೆಯಲಿಲ್ಲ. ತಿರುಗಲೂ ಇಲ್ಲ. ಮೇಡಂ ತೋಳಿನ ಹೊಲಿಗೆಗೆ ಉಗುರು ಹಾಕಿದಳು. ಎಳೆದಳು. ದಾರ ಪರಪರ ಬಿಚ್ಚಿಕೊಂಡಿತು. ಬಿಚ್ಚಿಕೊಳ್ಳುತ್ತಲೇ ಒದ್ದೆಯಾಯಿತು.

ಎಚ್ಚರವಾದದ್ದು ಅತ್ತೆಯ ಕೂಗಿಗೆ.

ಪುಟ್ಟಿಯ ಎಡ ಭುಜದ ಸುತ್ತ ಕೆಂಪು ಗೆರೆ ಎದ್ದಿತ್ತು. ಗೆರೆಯ ಉದ್ದಕ್ಕೂ ಸೂಜಿ ಚುಚ್ಚಿದಂಥ ಚಿಕ್ಕ ಚಿಕ್ಕ ತೂತುಗಳು. ಒಂದೊಂದರಲ್ಲೂ ಸಾಸಿವೆ ಕಾಳಿನಷ್ಟು ರಕ್ತ. ಮಗು ಅಳುತ್ತಿರಲಿಲ್ಲ. ನಿದ್ದೆಯಲ್ಲೇ ಏನನ್ನೋ ಅಗಿಯುತ್ತಿತ್ತು. ಅತ್ತೆ ಬೆರಳಿಟ್ಟು ಬಾಯಿ ಬಿಡಿಸಿದರು. ನಾಲಗೆಯ ಕೆಳಗೆ ಕಪ್ಪು ದಾರದ ತುದಿ. ಎಳೆದರು. ಬಂತು. ಇನ್ನೂ ಎಳೆದರು. ಇನ್ನೂ ಬಂತು. ಕೊನೆಯೇ ಕಾಣಲಿಲ್ಲ. ಅತ್ತೆಯ ಬೆರಳಿನಿಂದ ದಾರ ಜಾರಿ, ಸರ್ ಎಂದು ಒಳಗೆ ಹೋಗಿಬಿಟ್ಟಿತು. ಮನೆಯ ತುಂಬ ಸೀದ ಬಟ್ಟೆಯ ವಾಸನೆ.

"ಏನೇ ಇದು? ಏನು ತಂದೆಯೇ ಮನೆಗೆ?" ಎಂದರು ಅತ್ತೆ. ಸೊಸೆಯ ಮುಖ ನೋಡಿದ ಮೇಲೆ ಎರಡನೆಯ ಸಲ ಕೇಳಲಿಲ್ಲ.

ಪುಟ್ಟಿಯನ್ನು ಮಕ್ಕಳ ವಾರ್ಡಿಗೆ ಸೇರಿಸಿದರು. ರಕ್ತ ನೋಡಿದರು, ತಲೆಯ ಚಿತ್ರ ತೆಗೆದರು. ಡಾಕ್ಟರು ಒಳ್ಳೆಯವರೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. "ಎಲ್ಲ ಸರಿಯಿದೆ. ನಿದ್ದೆ ಮಾಡ್ತಿದಾಳೆ, ಅಷ್ಟೇ." ಆ 'ಅಷ್ಟೇ' ಮೇಡಮ್ಮಿನ ಎದೆಯ ಮೇಲೆ ಕಲ್ಲು ಚಪ್ಪಡಿಯಂತೆ ಕೂತಿತು.

ಅವಳು ಕಾಜಾದವಳ ಮನೆ ಹುಡುಕಿಕೊಂಡು ಓಡಿದಳು. ಬಾಗಿಲು ಮುಚ್ಚಿತ್ತು. ಒಳಗೆ ಗಂಡಸೊಬ್ಬನ ಕೆಮ್ಮು, ರೇಡಿಯೊ, ಒಗ್ಗರಣೆಯ ಚಟಪಟ. ಬದುಕಿರುವ ಮನೆಯ ಸದ್ದುಗಳು. ಬಾಗಿಲು ಬಡಿದಳು. ಕಿಟಕಿಯ ಸಂದಿಯಲ್ಲಿ ಆ ಹೆಂಗಸಿನ ಮುಖ ಕಂಡಿತು. ಎರಡೂ ಕಿವಿಗಳಲ್ಲಿ ಅರಳೆಯ ದೊಡ್ಡ ದೊಡ್ಡ ಉಂಡೆ.

"ನೀವು ಏನು ಹೇಳಿದ್ರೂ ನನಗೆ ಕೇಳ್ಸಲ್ಲ ಮೇಡಂ," ಎಂದು ಅವಳು ಕಿವುಡರ ಹಾಗೆ ಗಟ್ಟಿಯಾಗಿ ಹೇಳಿದಳು. "ನೀವು ಬಂದೇ ಬರ್ತೀರಿ ಅಂತ ಗೊತ್ತಿತ್ತು, ಅದಕ್ಕೇ. ಗೊತ್ತಿರೋದಷ್ಟನ್ನೂ ಹೇಳ್ತೀನಿ, ಕೇಳಿಸ್ಕೊಳ್ಳಿ. ಅದನ್ನ ಬಿಚ್ಚೋಕೆ ಹೋಗ್ಬೇಡಿ. ನಾನು ಹೋಗಿದ್ದೆ. ಇವರ ಬೆನ್ನು ನೋಡಿದ್ರೆ ಗೊತ್ತಾಗುತ್ತೆ. ಮಾಟ ತೆಗೆಯೋರು ಅಂತ ಕಂಡಕಂಡವರ ಕಾಲು ಹಿಡಿದೆ, ಯಾರೂ ಮುಟ್ಟಲಿಲ್ಲ. ಅದು ಸಾಯಲ್ಲ. ದಾಟುತ್ತೆ, ಅಷ್ಟೇ. ನೀವು ಹೇಳ್ಬೇಕು, ಕೇಳಿದವರು ಹೂಂ ಅನ್ಬೇಕು. ಆಮೇಲೆ ಅವರಿಗೆ ಯಾರು ಜೀವವೋ, ಅವರ ಅಳತೆಗೆ ಹೊಲಿಯುತ್ತೆ."

ಮೇಡಂ ಸರಳು ಹಿಡಿದು ಕೂಗಿದಳು. "ನನಗೆ ಮಗಳಿದಾಳೆ! ಒಬ್ಬಳೇ ಮಗಳು!"

ಹೆಂಗಸಿಗೆ ಕೇಳಿಸಲಿಲ್ಲ. ತುಟಿಯ ಚಲನೆಯಿಂದಲೇ ಅರ್ಥವಾಯಿತೋ ಏನೋ, ಅವಳ ಕಣ್ಣಿಂದ ಎರಡು ಹನಿ ಇಳಿಯಿತು. "ನಾನು ಕೆಟ್ಟೋಳಲ್ಲ ಮೇಡಂ," ಎಂದಳು. ಕಿಟಕಿ ಮುಚ್ಚಿದಳು.

ಮೇಡಂ ನಿದ್ದೆ ಬಿಟ್ಟಳು. ಕೂರಲಿಲ್ಲ, ಕೂತರೆ ಕಣ್ಣು ಎಳೆಯುತ್ತಿತ್ತು. ವಾರ್ಡಿನ ಗೋಡೆಗೆ ಭುಜ ತಾಗಿಸದೆ ನಿಂತಳು. ಕಾಫಿ ಕುಡಿದಳು, ಕಾಫಿಯ ಪುಡಿಯನ್ನೇ ಬಾಯಿಗೆ ಸುರಿದುಕೊಂಡು ಜಗಿದಳು. ತೊಡೆ ಚಿವುಟಿ ಚಿವುಟಿ ನೀಲಿ ಮಾಡಿಕೊಂಡಳು. ಆದರೆ ನಿದ್ದೆಗೆ ಹಾಸಿಗೆಯೇ ಬೇಕೆಂದಿಲ್ಲ. ರೆಪ್ಪೆ ಮುಚ್ಚಿ ತೆರೆಯುವ ಸಂದಿನಲ್ಲೇ ಆ ಕೋಣೆ ಬಂದು ಹೋಗತೊಡಗಿತು. ರೆಪ್ಪೆ ಮುಚ್ಚಿತು, ಬಲ ತೋಳು. ರೆಪ್ಪೆ ಮುಚ್ಚಿತು, ಸೊಂಟದ ನೆರಿಗೆ. ಪ್ರತಿ ಸಲವೂ ಆಚೆ ಮಂಚದ ಮೇಲೆ ಪುಟ್ಟಿಯ ಉಸಿರು ಇನ್ನಷ್ಟು ಆಳಕ್ಕೆ, ಇನ್ನಷ್ಟು ದೂರಕ್ಕೆ ಹೋಗುತ್ತಿತ್ತು. ಬಾವಿಗೆ ಬಿಟ್ಟ ಕೊಡದ ಹಾಗೆ.

ಅವಳು ಅತ್ತೆಗೆ ಎಲ್ಲವನ್ನೂ ಹೇಳಿದಳು, ಕನಸೊಂದನ್ನು ಬಿಟ್ಟು.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಮೊಮ್ಮಗಳ ಪಾದವನ್ನು ಸೆರಗಿನಲ್ಲಿ ಸುತ್ತಿ ಬಿಸಿ ಮಾಡುತ್ತಿದ್ದರು. "ಅಷ್ಟೇ ತಾನೇ? ನನಗೆ ಹೇಳು. ಒಂದಲ್ಲ, ಹತ್ತು ಸಲ ಹೂಂ ಅಂತೀನಿ. ಈ ವಯಸ್ಸಿಗೆ ನನಗಿನ್ನು ಕನಸಾದರೇನು, ನನಸಾದರೇನು?"

"ನಿಮಗಲ್ಲ ಅತ್ತೆ ಆಗೋದು."

"ಮತ್ತೆ?"

"ನಿಮಗೆ ಯಾರು ಜೀವವೋ ಅವರಿಗೆ." ಮೇಡಂ ಮಂಚದ ಕಡೆ ನೋಡಿದಳು. "ನಿಮಗೆ ಪುಟ್ಟಿಗಿಂತ ಹೆಚ್ಚು ಯಾರು ಹೇಳಿ?"

ಅತ್ತೆ ಸೆರಗನ್ನು ಆ ಪಾದಕ್ಕೆ ಇನ್ನೊಂದು ಸುತ್ತು ಬಿಗಿದರು. ಆಮೇಲೆ, ಯಾರಿಗೂ ಕೇಳಿಸಬಾರದೆನ್ನುವ ಹಾಗೆ, ಮೆಲ್ಲಗೆ ಅಂದರು. "ಹಾಗಾದ್ರೆ ಯಾರೂ ಇಲ್ಲದೋರಿಗೆ ಹೇಳು. ಯಾರ ಮೇಲೂ ಜೀವ ಇಟ್ಟುಕೊಳ್ಳದೋರಿಗೆ. ಆಗ ಅದು ಯಾರ ಅಳತೆಗೆ ಹೊಲಿಯುತ್ತೆ?"

ಮೇಡಂ ತಲೆಯೆತ್ತಿದಳು. ಅಂಥವರೊಬ್ಬರು ಇದ್ದರು.

ಬಸ್ ಕಂಡಕ್ಟರಾಗಿದ್ದು ನಿವೃತ್ತರಾದ ಒಬ್ಬ ಮುದುಕ ವಾರಕ್ಕೊಮ್ಮೆ ಅವಳ ಬಳಿಗೆ ಬರುತ್ತಿದ್ದರು. ನರ್ಸುಗಳು ಇಟ್ಟ ಹೆಸರು 'ಖಾರದಪುಡಿ ತಾತ'. ಬಂದ ತಕ್ಷಣ ಫ್ಯಾನಿನ ಮೇಲೆ ಸಿಟ್ಟು, ಕುರ್ಚಿಯ ಮೇಲೆ ಸಿಟ್ಟು, ಚಿಲ್ಲರೆ ಇಲ್ಲದೆ ಬಸ್ಸು ಹತ್ತುವ ಲೋಕದ ಮೇಲೆ ಸಿಟ್ಟು. ಮನೆಯಲ್ಲಿ ಯಾರಿದ್ದಾರೆ ಎಂದು ಮೊದಲ ದಿನ ಕೇಳಿದ್ದಕ್ಕೆ, "ನಾಲ್ಕು ಗೋಡೆ ಇದೆ. ಅದರಲ್ಲಿ ಒಂದು ಸೋರುತ್ತೆ," ಎಂದಿದ್ದರು. ಮದುವೆಯಾಗಿರಲಿಲ್ಲ. ಇದ್ದ ಒಬ್ಬ ತಮ್ಮನ ಜೊತೆ ಮಾತು ಬಿಟ್ಟು, ಅವನು ಸತ್ತಾಗಲೂ ಹೋಗಿರಲಿಲ್ಲ. ಅವರ ದೂರು ವಿಚಿತ್ರದ್ದು. "ಎಲ್ಲರಿಗೂ ಕನಸು ಬೀಳುತ್ತಂತೆ. ನನಗೆ ಹುಟ್ಟಿದಾಗಿನಿಂದ ಒಂದೂ ಬಿದ್ದಿಲ್ಲ. ನಿದ್ದೆ ಅಂದ್ರೆ ಕರೆಂಟು ಹೋದ ಮನೆ. ಯಾಕೆ, ನಾನೇನು ಮನುಷ್ಯ ಅಲ್ವಾ?"

ಕನಸು ಎಲ್ಲರಿಗೂ ಬೀಳುತ್ತದೆ, ಕೆಲವರಿಗೆ ನೆನಪು ಉಳಿಯುವುದಿಲ್ಲ, ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಅವರು ಒಪ್ಪಿರಲಿಲ್ಲ. ಆದರೂ ಒಂದು ವಾರವೂ ತಪ್ಪಿಸದೆ ಬರುತ್ತಿದ್ದರು.

ಅಂದು ಅವರ ದಿನ. ಕಾರಿಡಾರಿನ ಬೆಂಚಿನಲ್ಲಿ ಫಿನೈಲ್ ವಾಸನೆಗೆ ಬೈಯುತ್ತಾ ಕೂತಿದ್ದರು. ಕೆದರಿದ ಕೂದಲಿನ, ಕೆಂಪು ಕಣ್ಣಿನ ಮೇಡಂ ಬಂದು ಬಾಗಿಲು ತೆಗೆದಾಗ ಒಮ್ಮೆಲೇ ಎದ್ದು ನಿಂತರು.

"ಏನಮ್ಮಾ ಇದು ಮುಖ? ಊಟ ಮಾಡಿದೀರಾ?"

"ಇವತ್ತು ನಾನು ಹೇಳ್ತೀನಿ ತಾತ. ನೀವು ಕೇಳ್ತೀರಾ?"

ಅವರು ಅನುಮಾನದಿಂದ ನೋಡಿದರು. ಆಮೇಲೆ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು, ಗಂಭೀರವಾಗಿ ಕೂತರು. ಮರದ ಮೇಜು. ಅರ್ಧ ಎಳೆದ ಪರದೆ. ಬಿಸಿಲಿನ ಒಂದು ಪಟ್ಟಿ ಅವರ ನೆರಿಗೆಗಟ್ಟಿದ ಕೈಗಳ ಮೇಲೆ.

ಅವಳು ಹೇಳಿದಳು. ಉದ್ದನೆಯ ಕೋಣೆ. ಮುಚ್ಚಿದ ಕಿಟಕಿ. ಬೆನ್ನು. ಸೂಜಿ. ಅವರು ರೆಪ್ಪೆ ಅಲುಗಿಸದೆ ಕೇಳುತ್ತಿದ್ದರು. ತುಟಿ ಬಿಚ್ಚಲಿಲ್ಲ. ಒಂದು ಸದ್ದಿಲ್ಲ. ಬದುಕಿಡೀ ಯಾರ ಮಾತನ್ನೂ ಕೂತು ಕೇಳದಿದ್ದವರಿಗೆ ಹೂಂ ಎನ್ನಬೇಕೆಂದು ಹೇಗೆ ತಿಳಿಯಬೇಕು? ಮೇಡಮ್ಮಿನ ಕಣ್ಣು ಕತ್ತಲಿಟ್ಟಿತು. ರೆಪ್ಪೆ ಮುಚ್ಚಿದ ಆ ಚೂರು ಹೊತ್ತಿನಲ್ಲಿ ಹೊಲಿಯುವವಳು ಫ್ರಾಕನ್ನು ಎತ್ತಿ ಬೆಳಕಿಗೆ ಹಿಡಿದಿದ್ದಳು. ಬೆನ್ನಿನ ಗುಂಡಿಗಳಷ್ಟೇ ಬಾಕಿ.

"ಹೂಂ ಅನ್ನಿ ತಾತ," ಎಂದಳು. ಅವಳ ದನಿ ಅವಳದಾಗಿರಲಿಲ್ಲ. "ಕೇಳೋರು ಹೂಂ ಅನ್ಬೇಕು."

ತಾತ ನಕ್ಕರು. ಅವರು ನಕ್ಕದ್ದನ್ನು ಅವಳು ಅದೇ ಮೊದಲು ನೋಡಿದ್ದು. "ಓಹೋ, ನಿಮ್ಮ ಕೆಲಸ ನನ್ನ ತಲೆಗೆ ಕಟ್ತಿದೀರಾ? ಆಗಲಿ, ಆಗಲಿ." ಗಂಟಲು ಸರಿಮಾಡಿಕೊಂಡು, ಅವಳದೇ ಧಾಟಿಯಲ್ಲಿ, ಬೆಚ್ಚಗೆ ಅಂದರು. "ಹೂಂ."

ಅವಳ ಎದೆಯಿಂದ ಉದ್ದನೆಯ ದಾರವೊಂದನ್ನು ಯಾರೋ ಒಂದೇ ಉಸಿರಿಗೆ ಎಳೆದುಕೊಂಡಂತಾಯಿತು. ಅವಳು ಉಳಿದದ್ದನ್ನು ಹೇಳಿ ಮುಗಿಸಿದಳು. ಅವರು ಮತ್ತೆ ಮತ್ತೆ ಹೂಂ ಅಂದರು. ಸೀದ ವಾಸನೆ ಮೇಜನ್ನು ದಾಟಿ ಆಚೆ ಹೋದದ್ದು ಮೂಗಿಗೇ ತಿಳಿಯಿತು.

ಫೋನು ಬಡಿದುಕೊಂಡಿತು. ಅತ್ತೆ ಅಳುತ್ತಾ ನಗುತ್ತಿದ್ದರು. "ಎದ್ದಳು ಕಣೇ! ಎದ್ದವಳೇ ಹಸಿವು ಅಂತಿದಾಳೆ!"

ಆಮೇಲಿನ ದಿನಗಳು ಹಬ್ಬದ ಹಾಗೆ. ಪುಟ್ಟಿಯ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ. ಭುಜದ ಗೆರೆ ಮಾಸಿ ತಿಳಿ ಕಂದು ಬಣ್ಣಕ್ಕೆ ತಿರುಗಿತು. ಅತ್ತೆ ಒಮ್ಮೆ ಮಾತ್ರ ಕೇಳಿದರು, "ಆ ಮುದುಕರಿಗೆ ಏನೂ ಆಗಲ್ಲ ತಾನೇ?" "ಅವರಿಗೆ ಯಾರಿದಾರೆ ಅತ್ತೆ?" ಎಂದಳು ಸೊಸೆ. ಜೀವ ಇಟ್ಟವರೇ ಇಲ್ಲದ ಮೇಲೆ ಅಳತೆ ಎಲ್ಲಿಯದು? ಬಟ್ಟೆ ಬಟ್ಟೆಯಾಗಿಯೇ ಬಿದ್ದಿರುತ್ತದೆ. ಇದನ್ನು ದಿನಕ್ಕೆ ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಳ್ಳಬೇಕಾಗುತ್ತಿತ್ತು. ಮಿಕ್ಕ ಹೊತ್ತೆಲ್ಲ ಅವಳು ನಿದ್ದೆ ಮಾಡಿದಳು. ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ, ಮಗಳ ಮಾತಿನ ನಡುವೆ. ಕೈಕಾಲು ಜೋಮು ಹಿಡಿಯುತ್ತಿತ್ತು. ಇಷ್ಟು ದಿನ ಕಣ್ಣು ಮುಚ್ಚದಿದ್ದ ಮೈ, ಬಾಕಿ ತೀರಿಸಿಕೊಳ್ಳುತ್ತಿದೆ ಎಂದುಕೊಂಡಳು. ಸುಖವಾದ, ಕನಸಿಲ್ಲದ, ಕರೆಂಟು ಹೋದ ಮನೆಯಂಥ ನಿದ್ದೆ.

ವಾರ ತಿರುಗಿತು. ಖಾರದಪುಡಿ ತಾತ ಬಂದರು. ಇಸ್ತ್ರಿ ಹಾಕಿದ ಅಂಗಿ, ಬಾಚಿದ ತಲೆ. ಫ್ಯಾನಿಗೆ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು, ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ಮುಖ ಅರಳಿಸಿ ಕೂತರು. ಕಿಟಕಿಯಿಂದ ಗಾಳಿ ಬೀಸಿತು. ಸೀದ ಬಟ್ಟೆಯ ವಾಸನೆ.

"ಬಿತ್ತಮ್ಮಾ! ಕನಸು ಬಿತ್ತು! ದಿನಾ ಬೀಳ್ತಿದೆ! ನೀವು ಹೇಳಿದ್ರಲ್ಲ, ಅದೇ ಕೋಣೆ, ಅದೇ ಹೆಂಗಸು. ಕೇಳಿದ್ದೇ ನನಗೂ ಬಂದುಬಿಡ್ತು ನೋಡಿ. ಈ ವಯಸ್ಸಿನಲ್ಲಿ!"

ಮೇಡಂ ನಗಲು ನೋಡಿದಳು. ತುಟಿ ಏಳಲಿಲ್ಲ. "ಅವಳ ಕೈಯಲ್ಲಿ ಏನಿತ್ತು ತಾತ?"

"ನನಗೇನು ಗೊತ್ತಾಗುತ್ತೆ ಬಟ್ಟೆಬರೆ... ಬಿಳೀದು. ಮೊದಲು ಕಾಲರ್ರು. ಆಮೇಲೆ ತೋಳು. ನಿನ್ನೆ ನೋಡಿದಾಗ ಗೊತ್ತಾಯ್ತು, ಅರೆ, ಇದು ನಿಮ್ಮ ಕೋಟಲ್ವಾ! ಜೇಬಿನ ಹತ್ತಿರ ಪೆನ್ನಿನ ಮಸಿಯ ಕಲೆ ಇದೆಯಲ್ಲ, ಅದೂ ಇತ್ತು. ಏನು ಕೈಕೆಲಸ ಅಂತೀರಿ! ಎಲ್ಲಾ ಮುಗಿದಿದೆ, ಒಂದು ಗುಂಡಿ ಮಾತ್ರ ಬಾಕಿ."

ಅವಳು ಕೈಯೆತ್ತಲು ನೋಡಿದಳು. ಎಡಗೈ ಬರಲಿಲ್ಲ.

ತಾತ ಟೋಪಿಯ ಅಂಚನ್ನು ತಿರುಗಿಸುತ್ತಾ, ನೆಲ ನೋಡುತ್ತಾ, ಮುಜುಗರದಿಂದ ಅಂದರು. "ನಿಮ್ಮ ಕೋಟೇ ಯಾಕೆ ಬಂತು ಅಂದ್ಕೊಂಡೆ. ಆಮೇಲೆ ಹೊಳೀತು. ಇಷ್ಟು ವರ್ಷದಲ್ಲಿ ನನ್ನ ಮಾತು ಮುಗಿಯೋವರೆಗೂ ಕೇಳಿದೋರು ನೀವೊಬ್ಬರೇ ಅಮ್ಮಾ. ನಮ್ಮಮ್ಮನೂ ಕೇಳ್ತಿರಲಿಲ್ಲ. ಈ ವಾರ ಪೂರ್ತಿ ಅದೇ ಯೋಚನೆ, ಯಾವಾಗ ಬಂದು ನಿಮಗೆ ಕನಸು ಹೇಳ್ತೀನೋ ಅಂತ. ಬೇರೆ ಯಾರಿಗೆ ಹೇಳಲಿ? ನನಗ್ಯಾರಿದಾರೆ?"

ಅವರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. "ಮೊದಲಿಂದ ಹೇಳ್ತೀನಿ, ಕೇಳಿ. ಉದ್ದನೆ ಕೋಣೆ..."

ಅವರ ಕಣ್ಣು ಅವಳ ಬಾಯಿಯ ಮೇಲಿತ್ತು. ಕಾಯುತ್ತಿದ್ದರು.

ಒಂದು ಹೂಂ. ಅಷ್ಟೇ ಸಾಕು. ಕೋಟು ಮುಗಿಯದೆ ಉಳಿಯುತ್ತದೆ, ಕಣ್ಣು ತೆರೆಯುತ್ತದೆ. ಮತ್ತೆ ಸೂಜಿ ಪುಟ್ಟಿಯ ಕುತ್ತಿಗೆಯ ಅಳತೆ ಹಿಡಿಯುತ್ತದೆ. ಮೂಗಿನೊಳಗೆ ಅಷ್ಟು ವರ್ಷದ ಅಭ್ಯಾಸ ತಾನಾಗಿ ಎದ್ದು ಬಂತು. ಅವಳು ಬಲಗೈಯಿಂದ ಬಾಯಿ ಮುಚ್ಚಿಕೊಂಡಳು. ಹಲ್ಲಿನ ನಡುವೆ ನಾಲಗೆ ಕಚ್ಚಿ ಹಿಡಿದಳು. ಬೇರೆ ಯಾರಿಗಾದರೂ ಹೇಳಿ ತಾತ, ಎನ್ನಬೇಕು. ಆದರೆ ಬಾಯಿ ತೆರೆದರೆ ಮೊದಲು ಹೊರಬೀಳುವ ಸದ್ದು 'ಹೂಂ' ಆಗಿದ್ದರೆ? ತೆರೆಯಲಿಲ್ಲ. ಉಸಿರನ್ನೂ ಬಿಗಿಹಿಡಿದಳು.

"ಕಿಟಕಿ ಎಲ್ಲಾ ಮುಚ್ಚಿದೆ... ಕೇಳ್ತಿದೀರಾ ಅಮ್ಮಾ?"

ಕಿಟಕಿಯ ಬಿಸಿಲು ಮಸುಕಾಯಿತು. ಮೇಜು ಮಸುಕಾಯಿತು. ಅಂಗಾಲಿನಡಿ ಏನೋ ಬೆಚ್ಚಗೆ ತಗುಲಿತು. ರೆಪ್ಪೆ ಎತ್ತಿದಳು. ಬಿತ್ತು. ಎತ್ತಿದಳು. ಬಿತ್ತು. ಬಾಯಿಯ ಮೇಲಿನ ಕೈ ಮಾತ್ರ ಜಾರಲಿಲ್ಲ.

"ಯಾಕಮ್ಮಾ," ತಾತನ ದನಿ ದೂರದಿಂದ, ನೊಂದ ಮಗುವಿನ ದನಿಯ ಹಾಗೆ ಕೇಳಿಸಿತು. "ಇವತ್ತು ಒಂದು ಹೂಂ ಅಂತಲೂ ಅನ್ನಲ್ವಾ?"

ಟಕ್.